ಗೋವಿನ ಹಾಡಿನ ಹುಲ್ಲುಗಾವಲು

'ಗೋವಿನ ಹಾಡು' ಕನ್ನಡನಾಡಿನಲ್ಲಿ ಆಬಾಲವೃದ್ಧರಿಗೂ ಪರಿಚಿತವಾದುದು. ಕರ್ತೃವಿನ ಹೆಸರು ತಿಳಿಯದ ಈ ಕೃತಿಯನ್ನು ಕುರಿತು ಬರೆಯುವವರೂ ಪಾಠ ಹೇಳುವವರೂ ಪುಣ್ಯಕೋಟಿಯ ಸತ್ಯಸಂಧತೆಯೊಂದನ್ನೇ ಎತ್ತಿಹಿಡಿಯುವುದು ವಾಡಿಕೆ. ಅದು ಸಹಜವೇ ಸರಿ. ಆದರೆ ಆ ಸತ್ಯವು ಪರೀಕ್ಷೆಗೆ ಗುರಿಯಾಗುವ ನೆಲವನ್ನು, ಎಂದರೆ ಗೋವುಗಳು ಮೇಯುವ ತಾಣವನ್ನು, ಬರಿಯ ಹಿನ್ನೆಲೆಯೆಂದು ಕಡೆಗಣಿಸುವುದು ಉಚಿತವಲ್ಲವೆಂದು ನಮಗೆ ತೋರುತ್ತದೆ.

ಹುಲಿಗೆ ಕೊಟ್ಟ ಭಾಷೆಯಂತೆ ಮರಳಿ ಹೊರಟ ತಾಯಿಯು ಕರುವಿಗೆ ಹೇಳುವ ಬುದ್ಧಿವಾದವನ್ನು ಪರಿಶೀಲಿಸಬೇಕು. ಅದರಲ್ಲಿ ವೇದಾಂತವಿಲ್ಲ, ಇರುವುದು ಮೇಯುವ ಕ್ರಮ. ಮಂದೆಯ ಅಂಚಿಗೆ ಹೋಗಬಾರದು, ಬೆಟ್ಟದ ಸಮೀಪಕ್ಕೆ ಸರಿಯಬಾರದು, ನಡುವೆಯೇ ಇರಬೇಕು ಎಂಬುದೇ ಅದರ ತಾತ್ಪರ್ಯ. ಮೃತ್ಯುಮುಖಕ್ಕೆ ನಡೆಯಲಿರುವ ತಾಯಿಯಿಂದ ಇಂತಹ ಮಾತನ್ನಾಡಿಸಿದ ಕವಿಯ ಔಚಿತ್ಯಜ್ಞಾನ ಶ್ಲಾಘ್ಯವಾದುದು. ದನ ಕಾಯ್ದವರ ಅನುಭವವಿಲ್ಲದೆ ಈ ಮಾತು ಹುಟ್ಟಲಾರದು. ಹುಲಿಯಿರುವ ಕಡೆಗೆ ಮಂದೆ ಸುಳಿಯದು. ಸುಳಿಯದಿದ್ದಲ್ಲಿ ಹುಲ್ಲು ಬುಡಮಟ್ಟ ಸವೆಯದೆ ಹೂವಾಗಿ ಬೀಜ ಉದುರಿಸುವಷ್ಟು ಕಾಲ ಪಡೆಯುತ್ತದೆ. ಬೇಟೆಮೃಗದ ಭಯವೂ ಮೇಯುವಿಕೆಯನ್ನು ನಿಯಂತ್ರಿಸುವುದೆಂದು ಈಗಿನ ಜೀವಶಾಸ್ತ್ರಜ್ಞರು ಹೇಳುತ್ತಾರೆ. ಈ ಸಿದ್ಧಾಂತವನ್ನು ಕವಿಯ ಮೇಲೆ ಹೇರುವುದು ಅತಿರೇಕವಾದೀತು. ಮೇವಿನ ನೆಲಕ್ಕೆ ಎಲ್ಲೆಯುಂಟೆಂಬುದನ್ನು ಮಾತ್ರ ಆತನು ಚೆನ್ನಾಗಿ ಬಲ್ಲನು.

ಕೊನೆಗೆ ಹುಲಿಯೇ ಪ್ರಾಣಬಿಡುತ್ತದೆ. ಧರ್ಮದೃಷ್ಟಿಯಿಂದ ಅದು ಪಶ್ಚಾತ್ತಾಪದ ಪರಮಾವಧಿ. ಮೇವಿನ ನೆಲದ ದೃಷ್ಟಿಯಿಂದ ನೋಡಿದರೆ ಎಲ್ಲೆಯ ಕಾವಲುಗಾರನು ಇಲ್ಲವಾದನು. ಸಂಕ್ರಾಂತಿಯ ಕೃಷ್ಣಭಜನೆಯನ್ನು ಗೊಲ್ಲನಿಗೆ ವಿಧಿಸುವ ಹಾಡು ಬೆಟ್ಟದತ್ತ ಮತ್ತೆ ತಿರುಗಿ ನೋಡುವುದಿಲ್ಲ. ಇಲ್ಲಿ ಕಥನ ಕೊಂಚ ಅವಸರಪಟ್ಟಿತೆಂದೇ ಹೇಳಬೇಕು.

ಹುಲಿಯಿಲ್ಲದ ಬಯಲಿಗೆ ಎಲ್ಲೆ ಯಾರಿಂದ? 'ಹುಲ್ಲುಗಾವಲು' ಎಂಬ ಪದದಲ್ಲಿಯೇ ಉತ್ತರವಿದೆ: ಅದು ಹುಲ್ಲನ್ನು ಕಾಯ್ದ ನೆಲ, ಬರಿಯ ದನ ಮೇಯುವ ಸ್ಥಳವಲ್ಲ. ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗಳಿಗಾಗಿ 'ಬೆಣ್ಣೆ ಚಾವಡಿ' ಏರ್ಪಟ್ಟಿತು. ಟಿಪ್ಪು ಸುಲ್ತಾನನು ಅದನ್ನು 'ಅಮೃತಮಹಲ್' ಎಂದು ಕರೆದನು. ಅದರ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಬೇಸಗೆಯಲ್ಲಿ ಹಸುರು ಚಿಗುರುವ ಕೆರೆಯಂಗಳಗಳೂ ನೆರಳಿನ ಮರಗಳಿದ್ದ ಎಡೆಗಳೂ ಮೊದಲನೆಯ ವರ್ಗಕ್ಕೆ ಸೇರಿದ್ದವು. ಮಂದೆ ಋತುವನ್ನನುಸರಿಸಿ ಸಾಗಿದಂತೆ ಬಿಟ್ಟುಬಂದ ನೆಲಕ್ಕೆ ವಿಶ್ರಾಂತಿ ದೊರೆಯುತ್ತಿತ್ತು. ಕೃಷ್ಣಮೃಗ, ತೋಳ, ಎರೆಭೂತ ಪಕ್ಷಿ ಮುಂತಾದುವು ಇಂತಹ ಬಯಲುಗಳನ್ನೇ ಆಶ್ರಯಿಸಿದವು.

ಬಯಲನ್ನು ಬಂಜರೆಂದು ಭಾವಿಸಿದ ಕಡೆಗಳಲ್ಲಿ ಆದುದೇ ಬೇರೆ. ರಾಣೆಬೆನ್ನೂರಿನ ನೆಲ ೧೯೭೪ರಲ್ಲಿ ಕೃಷ್ಣಮೃಗಗಳ ಅಭಯಧಾಮವಾಯಿತು. ಆದರೂ ಅದರ ಬಹುಭಾಗವನ್ನು ನೀಲಗಿರಿ ನೆಡುತೋಪುಗಳು ಆವರಿಸಿದವು, ಮರಗಳ ದಟ್ಟಣೆಯನ್ನೊಲ್ಲದ ಎರೆಭೂತ ಅಲ್ಲಿ ಕಾಣುವುದು ಅಪೂರ್ವವಾಯಿತು. ಚಳ್ಳಕೆರೆಯ ಕಾವಲುಗಳ ದೊಡ್ಡ ಭಾಗ ೨೦೧೦ರ ಆಸುಪಾಸಿನಲ್ಲಿ ಸಂಶೋಧನಾ ಸಂಸ್ಥೆಗಳಿಗೆ ಹಂಚಿಹೋಯಿತು. ಸುತ್ತಣ ಹಳ್ಳಿಗಳ ಮಂದೆಗಳಿಗೆ ಗೋಡೆ ಅಡ್ಡವಾಯಿತು.

ತರಗತಿಗಾಗಿ ಹಾಡನ್ನು ಸಂಕ್ಷೇಪಿಸುವಾಗ ಕಥೆಗೆ ಅನಾವಶ್ಯಕವೆಂದು ಮೊದಲು ಕತ್ತರಿಗೆ ಸಿಕ್ಕುವುದು ತಾಯಿಯ ಆ ಬುದ್ಧಿವಾದವೇ. ಸಂಪಾದಕರು ಅದನ್ನು ಉಳಿಸಿಕೊಳ್ಳುವುದು ಯುಕ್ತ. ಉಳಿಸಿಕೊಂಡ ಪಕ್ಷದಲ್ಲಿ ಮಂದೆಯ ನಡುವೆಂದರೇನು, ಬೆಟ್ಟದ ಅಂಚೆಂದರೇನು ಎಂಬುದನ್ನು ಕಾವಲನ್ನೇ ಕಾಣದ ವಿದ್ಯಾರ್ಥಿಗೆ ಉಪಾಧ್ಯಾಯರು ವಿವರಿಸಿ ಹೇಳಬೇಕಾಗುತ್ತದೆ.