ಗಾಯ ಬೇರೆ, ಕುಂದು ಬೇರೆ

ಆಟವೊಂದರ ನಿಯಮಾವಳಿಯನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಕೆಲವರಿಗೆ ಅತಿಯೆನಿಸಬಹುದು. ಆದರೆ ಮಾತಿನ ಅರ್ಥವನ್ನು ಜಾರಗೊಡದೆ ಹಿಡಿದ ಬರಹ ಎಲ್ಲಿದ್ದರೂ ವಿಮರ್ಶಕನ ಗಮನಕ್ಕೆ ಅರ್ಹವೇ. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರಚಿಸಿ, 1993ರಲ್ಲಿ ಹೊರಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್' ಎಂಬ ಕಾರ್ಡಿನ ಆಟದ ನಿಯಮಗಳು ಅಂಥವು.

ಈ ಆಟದಲ್ಲಿ ಜೀವಿಯ ಕಾರ್ಡಿನ ಮೂಲೆಯಲ್ಲಿ ಎರಡು ಅಂಕಿಗಳುಂಟು: ಮೊದಲನೆಯದು ಹೊಡೆಯುವ ಬಲ, ಎರಡನೆಯದು ತಾಳಿಕೆ. ಜೀವಿಯನ್ನು ಕೆಡಹುವ ದಾರಿಗಳಲ್ಲಿ ಎರಡು ಮುಖ್ಯ. ಗಾಯಗೊಳಿಸುವುದು ಒಂದು, ಅಂಕಿಯನ್ನೇ ಇಳಿಸುವುದು ಇನ್ನೊಂದು. ಎರಡೂ ಒಂದೇ ಕಳೆಯುವ ಲೆಕ್ಕವೆಂದು ಹೊಸಬರು ತಿಳಿಯುವುದುಂಟು. ಹಾಗಲ್ಲ. 3/3ರ ಜೀವಿಗೆ 2 ಗಾಯವಾದರೆ ತಾಳಿಕೆ 1ಕ್ಕೆ ಇಳಿಯುವುದಿಲ್ಲ. 3 ಆಗಿಯೇ ಉಳಿದು, ಮೈಮೇಲೆ 2 ಗಾಯವಿದೆಯೆಂದು ಗುರುತಾಗುತ್ತದೆ. ಅದು ತಿರುಗಿ ಹೊಡೆದರೆ 3ರ ಪೆಟ್ಟನ್ನೇ ಹೊಡೆಯುತ್ತದೆ. ಸರದಿ ಮುಗಿದೊಡನೆ ಗಾಯ ಅಳಿಸಿಹೋಗುತ್ತದೆ. ಅದೇ ಜೀವಿಯ ಮೇಲೆ −1/−1ರ ಬಿಲ್ಲೆಗಳೆರಡು ಬಿದ್ದರೆ ಅದು 1/1 ಆಗಿ ಕುಗ್ಗುತ್ತದೆ. ಮುಂದಿನ ಸರದಿಯಲ್ಲಿಯೂ ಕುಗ್ಗಿಯೇ ಇರುತ್ತದೆ.

ಎರಡೂ ಕೂಡಿದಾಗ ಸ್ವಾರಸ್ಯ ಹೆಚ್ಚುತ್ತದೆ. 2 ಗಾಯ ತಿಂದ 3/3ಕ್ಕೆ ಒಂದೇ ಬಿಲ್ಲೆ ಬಿದ್ದರೂ ತಾಳಿಕೆ 2, ಗಾಯ 2, ಜೀವಿ ನಾಶ. 'ಇನ್‌ಡಿಸ್ಟ್ರಕ್ಟಿಬಲ್' ಎಂಬ ವರ ಪಡೆದದ್ದಾದರೆ ಇಲ್ಲಿ ಬದುಕಿಕೊಳ್ಳುತ್ತದೆ. ಆದರೆ ತಾಳಿಕೆಯೇ 0 ಆದರೆ ಆ ವರವೂ ಕಾಯಲಾರದು. ಏಕೆಂದರೆ ಅಲ್ಲಿ ನಿಯಮ 'ನಾಶ' ಎಂಬ ಮಾತನ್ನೇ ಆಡುವುದಿಲ್ಲ, ಜೀವಿಯನ್ನು ನೇರವಾಗಿ ಸ್ಮಶಾನಕ್ಕೆ ಕಳುಹಿಸುತ್ತದೆ. ಇಂದ್ರನು ಕವಚಕುಂಡಲಗಳನ್ನು ಬೇಡಿ ಒಯ್ದಾಗ ಕರ್ಣನಿಗೆ ವೈರಿಯ ಬಾಣವಾವುದೂ ತಗಲಿರಲಿಲ್ಲ. ಆದರೂ ಅವನು ಅಂದೇ ಕುಂದಿದನು. ನಮಗೆ ಈ ಭೇದ ಹೊಸತಲ್ಲ.

'ಜೈಂಟ್ ಗ್ರೋತ್' ಎಂಬ ಕಾರ್ಡು ಸರದಿ ಮುಗಿಯುವವರೆಗೆ 3/3ನ್ನು 6/6 ಮಾಡುತ್ತದೆ. ಆಗ ಅದು 5 ಗಾಯ ತಿಂದಿತೆನ್ನಿ. ಕೊನೆಯಲ್ಲಿ ಬಂದ ಬಲ ಮೊದಲು ಹೋಗಿ ಗಾಯ ಉಳಿದಿದ್ದರೆ ಅದು ಸಾಯಬೇಕಾಗಿತ್ತು. ಎರಡೂ ಏಕಕಾಲಕ್ಕೆ ಹೋಗತಕ್ಕದ್ದೆಂದು ನಿಯಮ ವಿಧಿಸಿದೆ. ಆ ಒಂದು ಮಾತಿನಲ್ಲಿ ಜೀವಿ ಉಳಿಯುತ್ತದೆ.

ದೋಷವಿಲ್ಲವೆಂದಲ್ಲ. ಸಾಯುವಷ್ಟು ನೊಂದವನೂ ಪೂರ್ಣಬಲದಿಂದ ಹೊಡೆಯುವುದು, ಸರದಿ ಕಳೆದರೆ ಏನೂ ಆಗದವನಂತೆ ನಿಲ್ಲುವುದು ಲೋಕಾನುಭವಕ್ಕೆ ದೂರ. ಲೆಕ್ಕ ಹಗುರವಾಯಿತು, ಗಾಯಕ್ಕೆ ನೆನಪಿಲ್ಲದಂತಾಯಿತು. 2008ರ 'ಶ್ಯಾಡೋಮೂರ್' ಕಂತಿನಲ್ಲಿ ಬಂದ 'ವಿದರ್' ಎಂಬ ಗುಣ ಈ ಕೊರತೆಯನ್ನು ತುಂಬಿತು. ಆ ಗುಣವುಳ್ಳ 3 ಬಲದ ಜೀವಿ 5/5ನ್ನು ಹೊಡೆದರೆ ಗಾಯದ ಬದಲು ಮೂರು ಬಿಲ್ಲೆಗಳು ಬಿದ್ದು ಅದು 2/2 ಆಗುತ್ತದೆ. ಇಲ್ಲಿ ಪೆಟ್ಟು ಮಾಯುವುದಿಲ್ಲ.

ನನ್ನ ಮಟ್ಟಿಗೆ ಈ ಆಟದ ಅತ್ಯುತ್ತಮ ಕಲ್ಪನೆಗಳಲ್ಲಿ ಇದೊಂದು. ಆದರೆ ಇದು ಫಲಿಸಿದ್ದು, ಗಾಯ ಬೇರೆ ಕುಂದು ಬೇರೆ ಎಂಬುದನ್ನು ಹದಿನೈದು ವರ್ಷ ಕಟ್ಟುನಿಟ್ಟಾಗಿ ಕಾಯ್ದುಕೊಂಡು ಬಂದುದರಿಂದ. ಮೊದಲೇ ಎರಡನ್ನೂ ಕಲಸಿಬಿಟ್ಟಿದ್ದರೆ, ಒಂದು ಇನ್ನೊಂದಾಗಿ ಮಾರ್ಪಡುವ ಆ ಬೆರಗಿಗೆ ಎಡೆಯೇ ಇರುತ್ತಿರಲಿಲ್ಲ.