ಸೊನ್ನೆಗೂ 84ಕ್ಕೂ ನಡುವೆ

ಅಮೆರಿಕದ ಬಹುತೇಕ ಕಡೆ ಸಿಗ್ನಲ್ ಕೆಂಪಿದ್ದರೂ, ಒಮ್ಮೆ ಪೂರ್ತಿ ನಿಂತು ನೋಡಿ, ಬಲಕ್ಕೆ ತಿರುಗಬಹುದು. ಈ ನಿಯಮವನ್ನು ಪ್ರಶ್ನಿಸಿದವರ ಮುಂದೆ ಅದರ ಸಮರ್ಥಕರು ಇಡುವುದು ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಸಂಸ್ಥೆ 1995ರಲ್ಲಿ ಅಲ್ಲಿನ ಕಾಂಗ್ರೆಸ್ಸಿಗೆ ಒಪ್ಪಿಸಿದ ವರದಿಯನ್ನು. ನಿಯಮ ನಿರ್ದೋಷಿಯೆಂದು ಸಾರುವ ತೀರ್ಪಿನ ಸ್ಥಾನ ಅದಕ್ಕೆ ಸಿಕ್ಕಿಬಿಟ್ಟಿದೆ. ಆ ಸ್ಥಾನಕ್ಕೆ ಅದು ಅರ್ಹವಲ್ಲ.

ಈ ನಿಯಮದ ಹಿಂದಿನ 1973ರ ತೈಲ ಬಿಕ್ಕಟ್ಟು, ಇಂಧನ ಉಳಿಸಲು ತಂದ 1975ರ ಕಾಯ್ದೆ, ಕೇಂದ್ರದ ಹಣಕ್ಕಾಗಿ ರಾಜ್ಯಗಳು ಒಂದೊಂದಾಗಿ ಒಪ್ಪಿದ್ದು, ಎಲ್ಲ ತಿಳಿದ ಕಥೆಯೇ. ನೋಡಬೇಕಾದದ್ದು ವರದಿಯ ಒಂದೇ ಒಂದು ಲೆಕ್ಕ. 1982ರಿಂದ 1992ರವರೆಗೆ, ಈ ತಿರುವಿಗೆ ಅನುಮತಿಯಿದ್ದ ಕೂಡುರಸ್ತೆಗಳಲ್ಲಿ ಬಲಕ್ಕೆ ತಿರುಗುತ್ತಿದ್ದ ವಾಹನಗಳಿಂದ ವರ್ಷಕ್ಕೆ ಸುಮಾರು 84 ಮಾರಣಾಂತಿಕ ಅಪಘಾತಗಳಾದವು. ದೇಶದ ಒಟ್ಟು ರಸ್ತೆ ಸಾವುಗಳಲ್ಲಿ ಇದು ಶೇ. 0.2ಕ್ಕಿಂತ ಕಡಿಮೆ. ಆದರೆ ಆ ಹೊತ್ತಿಗೆ ದೀಪ ಕೆಂಪಿತ್ತೋ ಹಸಿರಿತ್ತೋ ಎಂಬುದು ದಾಖಲೆಯಲ್ಲೇ ಇಲ್ಲ. ಹಾಗಾಗಿ ನಿಜವಾದ ಸಂಖ್ಯೆ ಸೊನ್ನೆಗೂ 84ಕ್ಕೂ ನಡುವೆ ಎಲ್ಲೋ ಇದೆಯೆಂದು ವರದಿ ತಾನೇ ಒಪ್ಪಿಕೊಳ್ಳುತ್ತದೆ.

ಕೆಂಪು ದೀಪದ ತಿರುವನ್ನು ಅಳೆಯಲು ಹೊರಟ ಅಧ್ಯಯನದ ಸಾವುಗಳ ಲೆಕ್ಕದಲ್ಲಿ ದೀಪದ ಬಣ್ಣವೇ ಇರಲಿಲ್ಲ! ವರದಿ ಇದನ್ನು ಮುಚ್ಚಿಡಲಿಲ್ಲ, ಅಷ್ಟು ಪ್ರಾಮಾಣಿಕತೆ ಅದಕ್ಕಿದೆ. ಮಿತಿಯನ್ನು ಹೇಳಿದ ಮೇಲೂ ಪರಿಣಾಮ ಅಲ್ಪವೆಂಬ ತೀರ್ಮಾನಕ್ಕೆ ಬಂದದ್ದೇ ನನ್ನ ತಕರಾರು. 84 ಚಿಕ್ಕ ಸಂಖ್ಯೆಯೇ ಅಲ್ಲವೇ ಎಂದರೆ, ಯಾವುದರ ಪಕ್ಕ ಇಟ್ಟಾಗ ಚಿಕ್ಕದು ಎಂದು ಕೇಳಬೇಕು. ಪಾದಚಾರಿಯ ನೆರಳೂ ಬೀಳದ ಹೆದ್ದಾರಿಗಳ ಸಾವುಗಳನ್ನೆಲ್ಲ ಛೇದದಲ್ಲಿ ತುಂಬಿದರೆ ಯಾವ ಅಪಾಯವೂ ಕರಗಿಹೋಗುತ್ತದೆ. ಅದೇ 84ರೊಳಗೆ ಇಣುಕಿದರೆ ಶೇ. 44ರಲ್ಲಿ ಪಾದಚಾರಿ, ಶೇ. 10ರಲ್ಲಿ ಸೈಕಲ್ ಸವಾರ. ಕೆಂಪಿನ ತಿರುವನ್ನು ಬೇರೆಯಾಗಿ ಗುರುತಿಸಿದ್ದ ನಾಲ್ಕು ರಾಜ್ಯಗಳ ದಾಖಲೆಗಳಲ್ಲಿ, ಕೆಂಪಿನಲ್ಲಿ ತಿರುಗುವಾಗ ಪಾದಚಾರಿಗೋ ಸೈಕಲ್ ಸವಾರರಿಗೋ ಗುದ್ದಿದ ಪ್ರಕರಣಗಳಲ್ಲಿ ಶೇ. 93ರಲ್ಲಿ ಗಾಯಗಳಾಗಿದ್ದವು. ಉಪಯೋಗ ಯಾರಿಗೆ, ಪೆಟ್ಟು ಯಾರಿಗೆ ಎಂಬುದು ವರದಿಯ ಪುಟಗಳಲ್ಲೇ ಇತ್ತು. ತೀರ್ಮಾನದಲ್ಲಿ ಅದಕ್ಕೆ ತೂಕ ಸಿಗಲಿಲ್ಲ.

ವರದಿಗೂ ಮುಂಚೆಯೇ, 1982ರಲ್ಲಿ, ಸಂಶೋಧಕ ಪ್ರ್ಯೂಸರ್ ಮತ್ತು ಸಂಗಡಿಗರು ನಿಯಮ ಬರುವ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಹೋಲಿಸಿದ್ದರು. ಸಿಗ್ನಲ್‌ಗಳಲ್ಲಿ ಬಲಕ್ಕೆ ತಿರುಗುವ ವಾಹನಗಳು ಪಾದಚಾರಿಗಳಿಗೆ ಗುದ್ದುವುದು ಪ್ರದೇಶಕ್ಕೆ ತಕ್ಕಂತೆ ಶೇ. 43ರಿಂದ 107ರಷ್ಟು, ಸೈಕಲ್ ಸವಾರರಿಗೆ ಗುದ್ದುವುದು ಶೇ. 72ರಿಂದ 123ರಷ್ಟು ಏರಿತ್ತು. ಮೂಲ ಸಂಖ್ಯೆ ಸಣ್ಣದಿತ್ತು, ಅದಕ್ಕೇ ಶೇಕಡಾವಾರು ದೊಡ್ಡದಾಗಿ ಕಾಣುತ್ತದೆ ಎನ್ನುವವರಿದ್ದಾರೆ. ಸಣ್ಣದಿತ್ತು, ನಿಜ. ಆದರೆ ಕಾರಣ ಕಣ್ಣೆದುರಿಗೇ ಇದೆ: ಚಾಲಕ ಎಡದಿಂದ ಬರುವ ವಾಹನಗಳ ನಡುವೆ ಸಂದಿ ಹುಡುಕುತ್ತಿರುತ್ತಾನೆ, ದಾಟುವವರು ಅವನ ಬಲದಿಂದಲೂ ಬರುತ್ತಾರೆ. ಎಡಗಡೆ ಚೆನ್ನಾಗಿ ಕಾಣಲೆಂದು ಗಾಡಿಯನ್ನು ಜೀಬ್ರಾ ಪಟ್ಟೆಯ ಮೇಲೆ ತಂದು ನಿಲ್ಲಿಸಿರುತ್ತಾನೆ. ನಡೆಯುವ ಸಿಗ್ನಲ್ ಬಿದ್ದರೂ ಅಜ್ಜಿಯೊಬ್ಬರು ಬೋನೆಟ್ ಸುತ್ತಿಕೊಂಡು ಸಾಗುವುದು ಯಾವ ಅಪಘಾತದ ಪಟ್ಟಿಗೂ ಸೇರುವುದಿಲ್ಲ.

ಇದೆಲ್ಲ ಚಾಲಕರ ಶಿಸ್ತಿನ ಪ್ರಶ್ನೆ, ನಿಯಮ ಸರಿಯಾಗಿಯೇ ಇದೆ ಎಂಬ ವಾದ ನನಗೆ ಹೆಚ್ಚು ಬೇಸರ ತರಿಸುತ್ತದೆ. ಏಕಕಾಲಕ್ಕೆ ಎರಡು ದಿಕ್ಕು ನೋಡೆಂದು ಕೇಳುವ ನಿಯಮದ ಸೋಲನ್ನು ವ್ಯಕ್ತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೆಂಗಳೂರಿನ ‘ಫ್ರೀ ಲೆಫ್ಟ್’ ಪರವಾಗಿಯೂ ಇದೇ ಮಾತು ಕೇಳುತ್ತೇವೆ. ಅಮೆರಿಕದಲ್ಲಿ ಕಾನೂನಾದರೂ ನಿಲ್ಲು ಎನ್ನುತ್ತದೆ. ನಮ್ಮಲ್ಲಿ ಎಡಕ್ಕೆ ಹರಿಯುವ ಸಾಲು ನಿಲ್ಲುವುದೇ ಇಲ್ಲ, ದಾಟುವವರಿಗೆ ಸರದಿಯೇ ಬರುವುದಿಲ್ಲ.

ಅಪಾಯದ ಜಾಗಗಳಲ್ಲಿ ಮಾತ್ರ ನಿಷೇಧದ ಫಲಕ ಹಾಕಿದರಾಯಿತು ಎನ್ನುವ ವಿಮರ್ಶಕರೂ ಇದ್ದಾರೆ. ಆಗ ಅಪಾಯವನ್ನು ರುಜುವಾತುಪಡಿಸುವ ಹೊರೆ ಪೆಟ್ಟು ತಿನ್ನುವವರ ಮೇಲೆಯೇ ಬೀಳುತ್ತದೆ, ಅದೂ ಬಣ್ಣ ದಾಖಲಾಗದ ಅಂಕಿಗಳಿಂದ. ನ್ಯೂಯಾರ್ಕ್ ನಗರದ ಕ್ರಮ ಇದಕ್ಕೆ ತಿರುಗುಮುರುಗು: ಫಲಕವಿದ್ದಲ್ಲಿ ಮಾತ್ರ ಅನುಮತಿ, ಉಳಿದೆಡೆ ಕೆಂಪೆಂದರೆ ನಿಲ್ಲಬೇಕು. ವಾಷಿಂಗ್ಟನ್ ನಗರದ ಕೌನ್ಸಿಲ್ 2022ರಲ್ಲಿ ಇದೇ ದಾರಿಯ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಮಿಶಿಗನ್ನಿನ ಆನ್ ಆರ್ಬರ್ ತನ್ನ ಪೇಟೆಯ ನಡುಭಾಗದಲ್ಲಿ ಈ ತಿರುವನ್ನು ನಿಷೇಧಿಸಿತು.