ವೇಧಶಾಲೆಯ ಭಾಷೆಯೂ ಅದರ ಪಾಠಗ್ರಂಥವೂ

ಲಿಯೋ ಬ್ರೋಡಿಯವರಿಂದ ರಚಿತವಾಗಿ 1981ರಲ್ಲಿ ಪ್ರಕಟವಾದ ‘ಸ್ಟಾರ್ಟಿಂಗ್ ಫೋರ್ತ್’ ಎಂಬ ಗ್ರಂಥವು, ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆಯನ್ನು ಬೋಧಿಸಲು ಹುಟ್ಟಿದ ಪುಸ್ತಕಗಳಲ್ಲಿ ವಿಶೇಷ ಖ್ಯಾತಿಯನ್ನು ಪಡೆದುದಾಗಿದೆ. ಶಾಸ್ತ್ರಗ್ರಂಥವನ್ನು ಪರೀಕ್ಷಿಸತಕ್ಕವರು ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನಗಳೆಂಬ ಅನುಬಂಧಗಳನ್ನು ಮೊದಲು ವಿಚಾರಿಸುವುದು ವಿದ್ವಾಂಸರ ಸಂಪ್ರದಾಯ. ಹಾಗೆ ವಿಚಾರಿಸಿದಲ್ಲಿ, ಅಧಿಕಾರಿಯನ್ನರಿತು ಬೋಧಿಸುವುದರಲ್ಲಿ ಈ ಗ್ರಂಥಕ್ಕೆ ಸಮಾನವಾದವು ವಿರಳವೆಂದೂ, ಪ್ರಯೋಜನವನ್ನು ತೋರುವಲ್ಲಿ ಮಾತ್ರ ಇದು ತನ್ನ ಭಾಷೆಯ ಹುಟ್ಟನ್ನೇ ಮರೆತಿದೆಯೆಂದೂ ತಿಳಿದುಬರುವುದು.

ಆ ಹುಟ್ಟು ವೇಧಶಾಲೆಗೆ ಸಂಬಂಧಿಸಿದುದು. ಚಾರ್ಲ್ಸ್ ಮೂರ್ ಎಂಬವರು ತಮ್ಮ ಭಾಷೆಯು ನಾಲ್ಕನೆಯ ಪೀಳಿಗೆಯದೆಂಬ ಅರ್ಥದಲ್ಲಿ ಅದಕ್ಕೆ ಹೆಸರಿಡಬಯಸಿದರು. ಆಗಿನ ಯಂತ್ರವು ಐದಕ್ಷರಗಳಿಗಿಂತ ಹೆಚ್ಚಿನ ಹೆಸರನ್ನು ಒಪ್ಪದುದರಿಂದ ಆಂಗ್ಲಪದದೊಳಗಿನ ‘ಯು’ ಎಂಬ ಅಕ್ಷರವು ಲೋಪವಾಗಿ ‘ಫೋರ್ತ್’ ಎಂದು ಉಳಿಯಿತು. (ಲೋಪವೂ ಒಂದು ಕಾರ್ಯವೆಂಬುದನ್ನು ವೈಯಾಕರಣರಿಗೆ ಹೇಳಬೇಕಾದುದಿಲ್ಲ.) 1971ರ ಸುಮಾರಿಗೆ ಅಮೆರಿಕಾದ ಅರಿಜೋನಾ ಪ್ರಾಂತ್ಯದ ಕಿಟ್ ಪೀಕ್ ಪರ್ವತದ ಮೇಲಿನ 36 ಅಡಿಗಳ ರೇಡಿಯೋ ದೂರದರ್ಶಕವನ್ನು ನಡೆಸುವುದಕ್ಕೆ ಈ ಭಾಷೆಯು ನಿಯುಕ್ತವಾಯಿತು. ದೂರದರ್ಶಕವನ್ನು ತಾರೆಯ ಕಡೆಗೆ ತಿರುಗಿಸುವುದು, ಬಂದ ಸಂಕೇತಗಳನ್ನು ಸಂಗ್ರಹಿಸುವುದು, ಅವನ್ನು ಕೂಡಲೇ ಚಿತ್ರಿಸಿ ತೋರುವುದು, ಇವೆಲ್ಲವೂ ಸಣ್ಣ ಯಂತ್ರಗಳಿಂದ ಆಗಬೇಕಾಗಿದ್ದಿತು. ಮೂರ್ ಅವರೂ ಎಲಿಜಬೆತ್ ರಾದರ್ ಅವರೂ ಇದರ ವಿವರಣೆಯನ್ನು 1973ರಲ್ಲಿ ಪ್ರಕಟಿಸಿದರು. ಬಹು ವೇಧಶಾಲೆಗಳು ಈ ಭಾಷೆಯನ್ನು ಸ್ವೀಕರಿಸಿದ ಮೇಲೆ, 1976ರಲ್ಲಿ ಅಂತರರಾಷ್ಟ್ರೀಯ ಖಗೋಲ ಸಂಘದ ಆಯೋಗವೊಂದು ಇದಕ್ಕೆ ಮಾನ್ಯತೆಯನ್ನಿತ್ತಿತು.

ಈ ಭಾಷೆಯಲ್ಲಿ ವಾಕ್ಯವೆಂಬುದಿಲ್ಲ. ಪದಗಳೂ ಪದಗಳ ನಿಘಂಟೂ ಮಾತ್ರ ಉಂಟು. ತಿಳಿದ ಪದಗಳಿಂದ ಹೊಸ ಪದವನ್ನು ನಿರೂಪಿಸಿದರೆ ಅದೂ ನಿಘಂಟಿನಲ್ಲಿ ಸೇರುವುದು. ಸಂಖ್ಯೆಗಳು ಅಡಕಲು ಗಡಿಗೆಗಳಂತೆ ಒಂದರ ಮೇಲೊಂದು ಕೂಡುವುವು. ಮೇಲಿನದೇ ಮೊದಲು ಈಚೆಗೆ ಬರುವುದು. ಆದಕಾರಣ ಎರಡು, ಮೂರು ಎಂದು ಹೇಳಿ ಕೊನೆಯಲ್ಲಿ ‘ಕೂಡು’ ಎನ್ನಬೇಕು. ಕ್ರಿಯೆಯು ಕಡೆಗೆ ಬರುವ ಈ ಕ್ರಮವನ್ನು ಸಮರ್ಥಿಸಲು ಬ್ರೋಡಿಯವರು ಶ್ರಮಪಟ್ಟಿದ್ದಾರೆ. ಆಂಗ್ಲ ವಿದ್ಯಾರ್ಥಿಗೆ ಅದು ಅವಶ್ಯಕವೇ ಸರಿ. ‘ಎರಡನ್ನೂ ಮೂರನ್ನೂ ಕೂಡು’ ಎಂದೇ ಆಡುವ ಕನ್ನಡಿಗನಿಗಾದರೋ ಆ ಪುಟಗಳು ಕೇವಲ ಅನುವಾದರೂಪವಾದುವು.

ಗ್ರಂಥದ ಉತ್ಕೃಷ್ಟ ಭಾಗವೆಂದರೆ ಪೂರ್ಣಾಂಕಗಳಿಂದಲೇ ಗಣಿತವನ್ನು ಸಾಧಿಸುವ ಪ್ರಕರಣ. ಅಲ್ಲಿ ಮೊದಲು ಗುಣಿಸಿ ಅನಂತರ ಭಾಗಿಸುವ ಒಂದು ಪದವನ್ನು ವಿವರಿಸಿದೆ. ಇದು ‘ಲೀಲಾವತಿ’ಯನ್ನು ಓದಿದವರೆಲ್ಲರಿಗೂ ಪರಿಚಿತವಾದ ತ್ರೈರಾಶಿಕವಲ್ಲದೆ ಬೇರೆಯಲ್ಲ: ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸುವುದು. ವ್ಯಾಸವು 1000 ಆಗಿರಲು ಪರಿಧಿಯನ್ನು 355ಕ್ಕೆ 113ರ ಪ್ರಮಾಣದಿಂದ ತರಬೇಕೆನ್ನೋಣ. ಮೊದಲೇ ಭಾಗಿಸಿದರೆ ಮೂರು ಮಾತ್ರ ಉಳಿದು ಪರಿಧಿಯು 3000 ಆಗುವುದು. ಮೊದಲು ಗುಣಿಸಿದರೆ 3141 ಬರುವುದು. ಆದರೆ ನಡುವೆ ಹುಟ್ಟುವ 3,55,000 ಎಂಬ ರಾಶಿಯು, 32,767ರ ಮೇಲೆ ಎಣಿಸಲಾರದ ಆ ಕಾಲದ ಯಂತ್ರದ ಒಂದು ಕೋಶದಲ್ಲಿ ಹಿಡಿಯದು. ಅದಕ್ಕಾಗಿ ಆ ಪದವು ಮಧ್ಯದ ಗುಣಲಬ್ಧವನ್ನು ಎರಡು ಕೋಶಗಳಲ್ಲಿ ಧರಿಸುವುದು. ಗುಣನವು ಭಾಗಹಾರಕ್ಕಿಂತ ಮುಂದಾಗಬೇಕೇಕೆ ಎಂದು ಶಿಷ್ಯನು ಕೇಳಿದಾಗ ನಿಯಮವನ್ನು ತೋರಿ ಸುಮ್ಮನಾಗುವ ಉಪಾಧ್ಯಾಯರಿಗೆ ಇಲ್ಲಿ ಒಳ್ಳೆಯ ಉತ್ತರವಿದೆ.

ಇನ್ನು ಆಕ್ಷೇಪ. ಗ್ರಂಥದ ಆರಂಭದಲ್ಲಿಯೇ ಶಿಷ್ಯನು ‘ನಕ್ಷತ್ರ’ವೆಂಬ ಅರ್ಥದ ಪದವೊಂದನ್ನು ನಿರೂಪಿಸುವನು. ಆ ನಕ್ಷತ್ರವಾದರೋ 42ನೆಯ ಸಂಕೇತದಿಂದ ತೆರೆಯ ಮೇಲೆ ಮೂಡುವ ಒಂದು ಚುಕ್ಕೆಗುರುತು. ಅವುಗಳನ್ನು ಜೋಡಿಸಿ ಕೊನೆಗೆ ಒಂದು ರೋಮನ್ ಅಕ್ಷರವನ್ನು ಬರೆಯುವುದೇ ಫಲ. ನಿಜವಾದ ನಕ್ಷತ್ರಗಳನ್ನರಸಲು ಪಳಗಿದ ಭಾಷೆಗೆ ಇದೆಂತಹ ಅವಸ್ಥೆ! ಮುಂದೆ ಕೋಳಿಮೊಟ್ಟೆಗಳನ್ನು ತೂಕದಿಂದ ವಿಂಗಡಿಸುವ ಉದಾಹರಣೆಯೂ ಉಂಟು. ಪದವನ್ನುಚ್ಚರಿಸಿದೊಡನೆ ದೂರದರ್ಶಕವು ಚಲಿಸಿತೆಂಬಲ್ಲಿ ಶಬ್ದಕ್ಕೂ ಅರ್ಥಕ್ಕೂ ಇದ್ದ ಬಂಧವು ಇಲ್ಲಿ ಸಡಿಲವಾಗಿದೆ.

ಮನೆಯಲ್ಲಿ ಕುಳಿತು ಓದುವವನಿಗೆ 36 ಅಡಿಗಳ ದೂರದರ್ಶಕವನ್ನು ಎಲ್ಲಿಂದ ತರುವುದೆಂದು ಪೂರ್ವಪಕ್ಷವಾದರೆ, ತರಬೇಕಾದುದಿಲ್ಲ, ವೃತ್ತವೊಂದಿದ್ದರೆ ಸಾಕು. ವೃತ್ತದ ಕಲೆಗಳು 21,600. ಇವು ಯಂತ್ರದ ಒಂದೇ ಕೋಶದಲ್ಲಿ ಹಿಡಿಯುವುವು. ವಿಕಲೆಗಳು 12,96,000, ಇವು ಹಿಡಿಯವು. ತಾರೆಯ ಸ್ಥಾನವನ್ನು ಅಂಶ, ಕಲೆ, ವಿಕಲೆಗಳಿಂದ ಹೇಳಹೊರಟ ಶಿಷ್ಯನಿಗೆ ಎರಡು ಕೋಶಗಳ ಸಂಖ್ಯೆ ಏಕೆ ಬೇಕೆಂಬುದು ತಾನಾಗಿ ವ್ಯಕ್ತವಾಗುತ್ತಿದ್ದಿತು. ಬ್ರೋಡಿಯವರಲ್ಲಿ ಆ ಸಂಖ್ಯೆಗಳ ಪ್ರಕರಣವು ಸ್ಪಷ್ಟವಾಗಿದ್ದರೂ ಆಕಾಂಕ್ಷೆಯಿಲ್ಲದೆ ಬಂದಿದೆ.

ಸಂಜ್ಞೆಗಳ ವಿಷಯದಲ್ಲಿ ಒಂದು ಮಾತು. ಇದೇ ಹೆಸರಿನ ಪದವನ್ನು ಮತ್ತೆ ನಿರೂಪಿಸಿದರೆ ಮುಂದಿನ ಪದಗಳು ಹೊಸ ಅರ್ಥವನ್ನು ಗ್ರಹಿಸುವುವು. ಹಿಂದೆ ನಿರೂಪಿತವಾದುವು ಹಳೆಯದನ್ನೇ ಹಿಡಿದಿರುವುವು. ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳ ಕಾರ್ಯವು ಹಿಂದಿನ ಸೂತ್ರಗಳ ದೃಷ್ಟಿಗೆ ಬೀಳದೆ ಅಸಿದ್ಧವಾಗಿರುವುದನ್ನು ಬಲ್ಲವರಿಗೆ ಇದು ವಿಸ್ಮಯವಲ್ಲ. ಅನಭ್ಯಸ್ತರಿಗೆ ಮಾತ್ರ ಇದೊಂದು ಕೂಟ. ಹೆಸರಿಡುವ ವಿವೇಕವನ್ನು ಬ್ರೋಡಿಯವರು 1984ರ ‘ಥಿಂಕಿಂಗ್ ಫೋರ್ತ್’ನಲ್ಲಿ ವಿಸ್ತರಿಸಿರುವರು. ಮೊದಲ ಗ್ರಂಥವನ್ನು ಪಾಠ ಹೇಳುವವರು ಎರಡನೆಯದರ ಆ ಭಾಗವನ್ನು ನಡುವೆಯೇ ಸೇರಿಸಿ ಹೇಳುವುದು ಯುಕ್ತ.